ನಾಯಕರ ಪಕ್ಕ ನಿಂತಿದ್ದ ಹಿಂದಿ ಮೇಷ್ಟ್ರು

ನಮ್ಮ ಕಾಲೇಜಿನ ಹಿಂದಿ ಮೇಷ್ಟ್ರು ಯಾರ ಮಾತನ್ನೂ ಇದ್ದ ಹಾಗೇ ದಾಟಿಸಿದವರಲ್ಲ. ಒಬ್ಬರ ಬಾಯಿಂದ ಹೊರಟ ಮಾತು ಇನ್ನೊಬ್ಬರ ಕಿವಿ ಸೇರುವಷ್ಟರಲ್ಲಿ ಅವರ ನಾಲಗೆಯ ಮೇಲೆ ಒಂದಿಷ್ಟು ಹದವಾಗಿರುತ್ತಿತ್ತು, ಮುಳ್ಳು ಮುರಿದಿರುತ್ತಿತ್ತು. ಅದು ಅವರ ಸ್ವಭಾವ. ಅದರಿಂದ ಉಪಕಾರವಾದವರು ಕೋಲಾರದಲ್ಲಿ ಬಹಳ ಮಂದಿ ಇದ್ದಾರೆ. ಈ ಶ್ರಾವಣದಲ್ಲಿ ಅವರು ತೀರಿಕೊಂಡಾಗ ಮನೆಯ ಮುಂದೆ ಟೊಮೆಟೊ ಮಂಡಿಯ ಹಮಾಲರು ನಿಂತಿದ್ದರು, ಮಾಲೂರಿನ ಇಟ್ಟಿಗೆ ಭಟ್ಟಿಯ ಮಾಲೀಕರೊಬ್ಬರು ಕಾರು ದೂರ ನಿಲ್ಲಿಸಿ ನಡೆದು ಬಂದಿದ್ದರು, ಹಳೆಯ ವಿದ್ಯಾರ್ಥಿಗಳು ಹಿತ್ತಲವರೆಗೂ ತುಂಬಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಎಂಥ ಒಳ್ಳೆಯ ಮನುಷ್ಯ. ನಾನೂ ತಲೆಯಾಡಿಸಿದೆ. ಆ ಒಳ್ಳೆಯತನ ಅವರನ್ನು ಎಷ್ಟು ಸುಟ್ಟಿತ್ತು ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅವರ ಊರು ಶ್ರೀನಿವಾಸಪುರದ ಹತ್ತಿರ, ಮಾವಿನ ತೋಪುಗಳ ನಡುವೆ. ಮನೆಮಾತು ತೆಲುಗು. ಕನ್ನಡ ಶಾಲೆಯಲ್ಲಿ ಕಲಿತದ್ದು, ಉರ್ದು ಬಟ್ಟೆ ಅಂಗಡಿಯ ಗೆಳೆಯರಿಂದ, ಹಿಂದಿ ಹೊಟ್ಟೆಪಾಡಿಗೆ. ಎತ್ತರದ ಆಳು. ಎಂಥ ಬಿಸಿಲಲ್ಲೂ ತುಂಬುತೋಳಿನ ಬಿಳಿ ಅಂಗಿ, ಮಣಿಕಟ್ಟಿನ ಗುಂಡಿಯನ್ನೂ ಹಾಕಿಯೇ ಇರುತ್ತಿದ್ದರು. ಯಾರಾದರೂ ಮಾತಾಡುವಾಗ ಕಣ್ಣು ಮುಚ್ಚಿ ಬಲಗಿವಿಯನ್ನು ಮುಂದೆ ಚಾಚುತ್ತಿದ್ದರು. ನಿದ್ದೆ ಹೋದರೇನೋ ಎಂದು ಹೊಸಬರಿಗೆ ಅನುಮಾನ ಬರುತ್ತಿತ್ತು. ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಊರು ಹಿಡಿದು ಕರೆಯುತ್ತಿದ್ದರು. ನಾನು ಕನ್ನಡ ಉಪನ್ಯಾಸಕಿಯಾಗಿ ಸೇರಿದ ದಿನ ನನ್ನ ಊರು ಕೇಳಿ ತಿಳಿದುಕೊಂಡರು. ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ 'ಏನಮ್ಮಾ ವಕ್ಕಲೇರಿ'.

ಬೆಳಗ್ಗೆ ಕಾಲೇಜಿಗೆ ಬರುವ ಮುಂಚೆ ಅವರು ಟೊಮೆಟೊ ಮಂಡಿಗೆ ಒಂದು ಸುತ್ತು ಹೋಗಿಬರುತ್ತಿದ್ದರು. ಉತ್ತರದ ವ್ಯಾಪಾರಿಗಳಿಗೆ ಹಿಂದಿ ಬಿಟ್ಟು ಬೇರೆ ಬಾರದು. ಮುಳಬಾಗಿಲು ಕಡೆಯ ರೈತರಿಗೆ ಹಿಂದಿ ಬಾರದು. ನಡುವೆ ಇವರು. ಒಂದು ದಿನ ನಾನೂ ಜೊತೆಗಿದ್ದೆ. ವ್ಯಾಪಾರಿಯೊಬ್ಬ ಕ್ರೇಟಿಗೆ ಕೈಹಾಕಿ ಒಂದು ಹಣ್ಣು ಹಿಸುಕಿ, ಇದನ್ನು ನಮ್ಮೂರಲ್ಲಿ ಎಮ್ಮೆಯೂ ಮೂಸುವುದಿಲ್ಲ ಎಂದ. ಮೇಷ್ಟ್ರು ರೈತನ ಕಡೆ ತಿರುಗಿ, ದೂರದ ಪ್ರಯಾಣ, ಇನ್ನೊಂದು ಚೂರು ಗಟ್ಟಿ ಇದ್ದಿದ್ದರೆ ಚೆನ್ನಾಗಿತ್ತು ಅಂತಾರಪ್ಪ ಎಂದರು. ಹಿಸುಕಿದ್ದನ್ನು ಕಣ್ಣಾರೆ ಕಂಡಿದ್ದ ರೈತ ಸುಮ್ಮನಿರದೆ ವ್ಯಾಪಾರಿಯ ಅಪ್ಪನನ್ನು ತೆಲುಗಿನಲ್ಲಿ ಸೊಗಸಾಗಿ ನೆನೆದ. ಮೇಷ್ಟ್ರು ಮುಖ ಸ್ವಲ್ಪವೂ ಬದಲಿಸದೆ, ನಿಮ್ಮ ತಂದೆಯವರು ಆರೋಗ್ಯವೇ ಎಂದು ಕೇಳುತ್ತಿದ್ದಾನೆ ಎಂದು ಹಿಂದಿಯಲ್ಲಿ ಹೇಳಿದರು. ವ್ಯಾಪಾರಿ ಮೆತ್ತಗಾದ. ಅವನ ಅಪ್ಪ ನಿಜಕ್ಕೂ ಹಾಸಿಗೆ ಹಿಡಿದಿದ್ದನಂತೆ. ಸರಕು ಮಾರಾಟವಾಯಿತು, ಇಬ್ಬರೂ ಒಟ್ಟಿಗೆ ಚಹಾ ಕುಡಿದರು.

ಮಾಲೂರಿನ ಭಟ್ಟಿಯಲ್ಲಿ ಬಿಹಾರದ ಕೆಲಸಗಾರರಿಗೂ ಮಾಲೀಕರಿಗೂ ಜಗಳವಾಗಿ ಕೆಲಸ ನಿಂತಾಗಲೂ ಇವರನ್ನೇ ಕರೆದುಕೊಂಡು ಹೋಗಿದ್ದರು. ಎರಡು ಕಡೆಯವರೂ ಕ್ಷಮೆ ಕೇಳಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಎರಡು ಕಡೆಯವರಿಗೂ ಎದುರಿನವರು ಕ್ಷಮೆ ಕೇಳಿದರು ಎಂಬ ಸಮಾಧಾನ ಸಿಕ್ಕಿತ್ತು. ಅವರ ಹೆಂಡತಿ ಇದನ್ನೆಲ್ಲ ಕೇಳಿ ನಗುತ್ತಿದ್ದರು. ತಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ತೆಲುಗಿನ ಮಾವನಿಗೂ ಕನ್ನಡದ ಅಪ್ಪನಿಗೂ ನಡುವೆ ಮಾತು ದಾಟಿಸಿದ್ದು ಸ್ವತಃ ಮದುಮಗನೇ ಎಂದೂ, ಕಾಫಿ ತಣ್ಣಗಿದೆ ಎಂದು ಮಾವ ಗೊಣಗಿದ್ದು ತಮ್ಮ ಅಪ್ಪನ ಕಿವಿಗೆ ಮನೆತನ ಬಹಳ ಹಿಡಿಸಿತು ಎಂದು ಬಿತ್ತೆಂದೂ ಹೇಳುತ್ತಿದ್ದರು.

ತರಗತಿಯಲ್ಲಿ ಮಾತ್ರ ಈ ಮನುಷ್ಯ ಬೇರೆ. ಅನುವಾದದ ಪ್ರಶ್ನೆಯಲ್ಲಿ ಒಂದು ಪದ ಬಿಟ್ಟರೆ ಅಂಕ ಹೋಯಿತು, ಒಂದು ಪದ ಸೇರಿಸಿದರೆ ಇನ್ನೂ ಹೆಚ್ಚು ಹೋಯಿತು. ಬಿಟ್ಟವನು ಸೋಮಾರಿ, ಸೇರಿಸಿದವನು ಕಳ್ಳ ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾನು ಮಂಡಿಯ ಕಥೆ ಎತ್ತಿ ಕೆಣಕಿದರೆ, ಅದು ವ್ಯಾಪಾರ ಕಣಮ್ಮಾ, ಇದು ಪಾಠ ಎಂದು ತೇಲಿಸಿಬಿಡುತ್ತಿದ್ದರು.

ಆ ಸಭೆ ನಡೆದದ್ದು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಗ ದೇಶದ ಅಧಿಕಾರದಲ್ಲಿದ್ದ ಹಿರಿಯ ನಾಯಕರು ಕೋಲಾರಕ್ಕೆ ಬಂದಿದ್ದರು. ಅವರ ಭಾಷಣವನ್ನು ಕನ್ನಡಕ್ಕೆ ಹೇಳಬೇಕಾಗಿದ್ದವರು ಸಮಯಕ್ಕೆ ಬರಲಿಲ್ಲ. ಸ್ಥಳೀಯ ಮುಖಂಡರು ಕಾಲೇಜಿಗೆ ಜೀಪು ಕಳಿಸಿ ನಮ್ಮ ಮೇಷ್ಟ್ರನ್ನು ಎತ್ತಿಕೊಂಡು ಹೋದರು. ನಾನು ಹೆಂಗಸರ ಕಡೆ ಕೂತಿದ್ದೆ. ನನ್ನ ಸುತ್ತ ಮುಳಬಾಗಿಲು, ತಾಯಲೂರು ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಬಂದ ಹೆಂಗಸರು. ನಾಯಕರಿಗೆ ಕಾಣಲಿ ಎಂದು ಒಬ್ಬೊಬ್ಬರೂ ಮನೆಯಿಂದ ಖಾಲಿ ಕೊಡ ತಂದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಮ್ಮ ಸೀಮೆಗೆ ಹೊಳೆಯಿಲ್ಲ. ಕೆರೆಗೆ ಮಳೆಯೇ ಗತಿ. ಎಲ್ಲಿಂದಾದರೂ ಒಂದು ಹೊಳೆಯ ನೀರು ತಂದುಕೊಡಿ ಎಂದು ಕೇಳುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ಮಾತು.

ನಾಯಕರು ಮೆಲ್ಲಗೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಿದರು. ಒಂದು ವಾಕ್ಯ ಹೇಳಿ ಮೇಷ್ಟ್ರ ಕಡೆ ನೋಡುವರು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ ಕನ್ನಡದಲ್ಲಿ ಹೇಳುವರು. ಆ ತುಂಬುದನಿಯಲ್ಲಿ ನಾಯಕರ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ನೀರಿನ ಮಾತು ಬಂತು. ನದಿ ತರುತ್ತೇನೆಂದು ನಾನು ಮಾತು ಕೊಡಲಾರೆ ಎಂದರು ನಾಯಕರು. ಪರೀಕ್ಷೆಗೆಂದು ಕಲಿತ ನನ್ನ ಹಿಂದಿಗೂ ಅದು ಅರ್ಥವಾಯಿತು. ಮೇಷ್ಟ್ರು ಕಣ್ಣು ತೆರೆದರು. ಹೆಂಗಸರ ಕಡೆ ನೋಡಿದರು. ಆಮೇಲೆ, ನದಿಯ ನೀರು ನಿಮ್ಮ ಕೆರೆಗೆ ಬಂದೇ ಬರುತ್ತದೆ, ಇದು ನನ್ನ ಮಾತು ಎಂದರು.

ಮೈದಾನ ಎದ್ದು ನಿಂತಿತು. ಹೆಂಗಸರು ಕೊಡಗಳನ್ನು ತಲೆಯ ಮೇಲೆತ್ತಿ ಬಡಿದರು. ನನ್ನ ಪಕ್ಕದಲ್ಲಿದ್ದಾಕೆ ಅಳುತ್ತಿದ್ದಳು. ನಾನೂ ಚಪ್ಪಾಳೆ ತಟ್ಟಿದೆ. ಮೊದಲು ಕೇಳಿದ್ದು ನಿಜವೋ ಆಮೇಲೆ ಕೇಳಿದ್ದು ನಿಜವೋ ಎಂದು ಅನುಮಾನವಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅನುಮಾನ ಇರಲಿಲ್ಲ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಕೇಳಿದೆ. ಅವರು ಅಲ್ಲಗಳೆಯಲಿಲ್ಲ. "ಕೊಡ ಇಟ್ಕೊಂಡು ಕೂತಿದ್ರಲ್ಲಮ್ಮಾ. ಆಗಲ್ಲ ಅನ್ನೋ ಮಾತು ನನ್ನ ಬಾಯಿಗೆ ಬರಲಿಲ್ಲ," ಎಂದರು. ಆಮೇಲೆ ನಾನು ಕೇಳದೇ ಇದ್ದದ್ದನ್ನೂ ಹೇಳಿದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದಾಗ ನಾಯಕರು ಬೆರಗಾಗಿ ಇವರ ಭುಜದ ಮೇಲೆ ಕೈಯಿಟ್ಟರಂತೆ. ಕಿವಿಯ ಹತ್ತಿರ ಬಗ್ಗಿ, ನಿಮ್ಮ ಜನ ದೊಡ್ಡವರು, ನಾನು ಎಷ್ಟೋ ಕಡೆ ಮಾತಾಡಿದ್ದೇನೆ, ನಿಜ ಹೇಳಿದ್ದಕ್ಕೆ ಚಪ್ಪಾಳೆ ತಟ್ಟಿದವರನ್ನು ಇಲ್ಲೇ ನೋಡಿದ್ದು ಎಂದರಂತೆ.

ಅದನ್ನು ಹೇಳುವಾಗ ಮೇಷ್ಟ್ರು ಭುಜ ಮುಟ್ಟಿಕೊಂಡರು. ಅಲ್ಲಿ ಏನೋ ಅಂಟಿದೆ ಎಂಬಂತೆ.

ಏನು ಮಾಡೋಣ ಎಂದು ಅವರು ನನ್ನನ್ನು ಕೇಳಿದರು. ನಾನು ಚಿಕ್ಕವಳು, ಹೊಸಬಳು. ಸುಮ್ಮನಿದ್ದುಬಿಡಿ ಸಾರ್, ಭಾಷಣದ ಮಾತು ಯಾರು ನೆನಪಿಟ್ಟುಕೊಳ್ಳುತ್ತಾರೆ, ಈಗ ಹೇಳಿದರೆ ಕೆಲಸಕ್ಕೇ ಸಂಚಕಾರ ಎಂದೆ. ಅವರು ನನ್ನ ಮಾತು ಕೇಳಿದರು. ಕೇಳಬಾರದಿತ್ತು.

ಜನ ನೆನಪಿಟ್ಟುಕೊಂಡರು. ತಾಯಲೂರಿನ ಆಚೆಯ ಒಂದು ಊರಿನವರಂತೂ ಆ ಮಾತನ್ನು ಶಾಸನದ ಹಾಗೆ ಹಿಡಿದುಕೊಂಡರು. ಅಂದಿನ ಭಾಷಣದಲ್ಲಿ ನಾಯಕರು ನಿಜವಾಗಿ ಕೊಟ್ಟಿದ್ದ ಮಾತು ಬೇರೆಯದು: ಹಳೆಯ ಕೆರೆಗಳ ಏರಿ, ತೂಬುಗಳನ್ನು ಸರಿಮಾಡಿಸುತ್ತೇನೆ ಎಂದು. ಚಪ್ಪಾಳೆಯ ಗದ್ದಲದಲ್ಲಿ ಅದು ಜನರ ಕಿವಿಗೆ ಬಿದ್ದಿರಲಿಲ್ಲ. ಆ ಮಾತನ್ನು ಅವರು ಉಳಿಸಿಕೊಂಡರು. ಮಾರನೆಯ ವರ್ಷವೇ ಆ ಊರಿಗೆ ಎಂಜಿನಿಯರುಗಳು ಬಂದು ಏರಿ ಅಳೆದರು. ಊರಿನ ಯಜಮಾನರು ಅವರನ್ನು ನಿಲ್ಲಿಸಿ, ನದಿಯೇ ಬರುತ್ತಿರುವಾಗ ಈ ತೇಪೆ ಕೆಲಸ ಯಾಕೆ, ನಾಯಕರು ಹೇಳಿದ್ದನ್ನು ತನ್ನಿ, ಇದನ್ನು ಕೊಟ್ಟು ಅದನ್ನು ತಪ್ಪಿಸಬೇಡಿ ಎಂದು ವಾಪಸು ಕಳಿಸಿದರು. ಕೆಲಸ ಬೇರೆ ಊರಿನ ಪಾಲಾಯಿತು. ಈ ಸುದ್ದಿಯನ್ನು ಮೇಷ್ಟ್ರಿಗೆ ಹೇಳಿದ್ದು ಆ ಊರಿನಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ, ಹೆಮ್ಮೆಯಿಂದ. ಮೇಷ್ಟ್ರು ಆ ವಾರವೇ ಆ ಊರಿಗೆ ಹೊರಟರು. ಮುಳಬಾಗಿಲು ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿ ಒಂದು ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದು ವಾಪಸು ಬಂದರು.

ಕೆಲವು ವರ್ಷಗಳ ನಂತರ ಒಂದು ಮಳೆಗಾಲ ಜೋರಾಗಿ ಬಂತು. ಆ ಕೆರೆ ತುಂಬಿತು. ರಿಪೇರಿ ಕಾಣದ ಏರಿ ತೂಬಿನ ಪಕ್ಕದಲ್ಲಿ ಒಡೆದು, ಬಂದ ನೀರೆಲ್ಲ ಆಂಧ್ರದ ಕಡೆ ಹರಿದುಹೋಯಿತು. ಏರಿ ಒಡೆದ ಜಾಗಕ್ಕೆ ನಮ್ಮ ಕಡೆ ಗಂಡಿ ಎನ್ನುತ್ತಾರೆ. ಮಾತಿಗೆ ತಪ್ಪಿದ ದಿಲ್ಲಿಯ ದೊಡ್ಡ ಮನುಷ್ಯನ ನೆನಪಿಗೆ ಊರಿನವರು ಅದಕ್ಕೆ ದಿಲ್ಲಿ ಗಂಡಿ ಎಂದು ಹೆಸರಿಟ್ಟರು.

ಮೇಷ್ಟ್ರು ಅಷ್ಟರಲ್ಲಿ ಬದಲಾಗಿದ್ದರು. ಮಂಡಿಗೆ ಹೋಗುವುದನ್ನು ಬಿಟ್ಟರು. ಯಾರು ಕರೆದರೂ ಮಾತು ದಾಟಿಸಲು ಹೋಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಉತ್ತರದ ಕೂಲಿಗಳು ಬಂದು ಏನಾದರೂ ಕೇಳಿದರೆ ಕಂಡಕ್ಟರನಿಗೆ ತಾವು ಹೇಳುವ ಬದಲು, ಎಲ್ಲಿಗೆ, ಎಷ್ಟು, ಯಾವಾಗ ಎಂಬ ಕನ್ನಡದ ಮಾತುಗಳನ್ನು ಅವರಿಗೇ ಕಲಿಸಿ ಬಿಡುತ್ತಿದ್ದರು. ನೀವೇ ಕೇಳಿ, ನೀವು ಕೇಳಿದರೇ ಒಳ್ಳೆಯದು ಎನ್ನುತ್ತಿದ್ದರು. ನಿವೃತ್ತಿಯ ದಿನ ನಾವು ಕಾಲೇಜಿನಲ್ಲಿ ಅವರ ಮಂಡಿಯ ಕಥೆಗಳನ್ನು ಹೇಳಿ ನಕ್ಕಾಗ ಅವರು ನಗಲಿಲ್ಲ.

ಆ ನಾಯಕರು ಈ ವರ್ಷ ಬೇಸಿಗೆಯ ಶುರುವಿನಲ್ಲಿ ತೀರಿಕೊಂಡರು. ಅಧಿಕಾರ ಬಿಟ್ಟು ಬಹಳ ಕಾಲವಾಗಿತ್ತು. ಹಾಸಿಗೆ ಹಿಡಿದಿದ್ದಾರೆ ಎಂಬುದೂ ಜನರಿಗೆ ಮರೆತಿತ್ತು. ಸುದ್ದಿ ಬಂದ ಕೂಡಲೇ ಎಲ್ಲರಿಗೂ ಎಲ್ಲ ನೆನಪಾಯಿತು. ಶೋಕಾಚರಣೆ ಘೋಷಣೆಯಾಯಿತು. ಜಿಲ್ಲಾ ಕಚೇರಿಯ ಬಾವುಟ ಅರ್ಧಕ್ಕೆ ಇಳಿಯಿತು. ಕಾಲೇಜಿಗೆ ರಜೆ ಎಂದು ಹುಡುಗರು ಕುಣಿದರು. ಎಲ್ಲರ ಫೋನಿನ ಸ್ಟೇಟಸ್ಸಿನಲ್ಲೂ ಅವರ ಚಿತ್ರ, ಮಿನುಗುವ ದೀಪ. ಬದುಕಿದ್ದಾಗ ಅವರನ್ನು ಅಣಕಿಸಿದವರೇ ಕಪ್ಪು ಅಂಚಿನ ಫ್ಲೆಕ್ಸ್ ಕಟ್ಟಿಸಿ, ಕೆಳಗೆ ತಮ್ಮ ಚಿತ್ರಗಳನ್ನು ಇನ್ನೂ ದೊಡ್ಡದಾಗಿ ಹಾಕಿಸಿದರು.

ಊರಿನ ಎಲ್ಲ ಪಕ್ಷದವರೂ ಸೇರಿ ಒಂದು ಶ್ರದ್ಧಾಂಜಲಿ ಸಭೆ ಮಾಡಿದರು. ನಿರೂಪಣೆಗೆ ನನ್ನನ್ನು ಕರೆದರು. ಇಂಥ ಸಭೆಗಳಿಗೆಲ್ಲ ನಾನೇ. ನನ್ನ ಕನ್ನಡ ಚೆನ್ನಾಗಿದೆಯಂತೆ. ಮುಖ್ಯ ಅತಿಥಿಯಾಗಿ ಮೇಷ್ಟ್ರನ್ನು ಕರೆದಿದ್ದರು. ವೇದಿಕೆಯ ಹಿಂದೆ ಆ ದಿನದ ಹಳೆಯ ಚಿತ್ರವನ್ನು ಗೋಡೆಯಗಲ ಮಾಡಿಸಿದ್ದರು: ಮೈಕಿನ ಮುಂದೆ ನಾಯಕರು, ಪಕ್ಕದಲ್ಲಿ ಕಣ್ಣು ಮುಚ್ಚಿ ಕಿವಿ ಚಾಚಿದ ಮೇಷ್ಟ್ರು. ಮಹಾನಾಯಕರಿಗೆ ದನಿಯಾದವರು ಎಂದು ಕೆಳಗೆ ಬರೆಸಿದ್ದರು. ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಬಂದರು. ಅದೇ ತುಂಬುತೋಳಿನ ಅಂಗಿ. ಮಣಿಕಟ್ಟು ಮಾತ್ರ ತೆಳುವಾಗಿತ್ತು.

ಒಬ್ಬೊಬ್ಬರಾಗಿ ಮಾತಾಡಿದರು. ಕೋಲಾರಕ್ಕೆ ನದಿ ನೀರು ತರುವುದು ನಾಯಕರ ಜೀವನದ ಕನಸಾಗಿತ್ತು ಎಂದರು ಒಬ್ಬರು. ಇದೇ ಊರಿನಲ್ಲಿ ನಿಂತು ಮಾತು ಕೊಟ್ಟಿದ್ದರು, ಆ ಮಾತನ್ನು ನಾವು ನೆರವೇರಿಸುತ್ತೇವೆ ಎಂದರು ಇನ್ನೊಬ್ಬರು. ಸಭಿಕರ ಕೊನೆಯ ಸಾಲಿನಿಂದ ಒಬ್ಬ ಮುದುಕ, ಕೊಟ್ಟ ಮಾತಿಗೆ ತಪ್ಪಿದ ಮನುಷ್ಯನಿಗೆ ಎಂಥ ಹಾರ ಎಂದು ಗಟ್ಟಿಯಾಗಿಯೇ ಗೊಣಗಿದ. ಅಕ್ಕಪಕ್ಕದವರು ಅವನನ್ನು ಸುಮ್ಮನಿರಿಸಿದರು. ಮೇಷ್ಟ್ರು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದರು. ತಮ್ಮ ಸರದಿ ಬಂದಾಗ ಎದ್ದು ಮೈಕಿನ ಮುಂದೆ ಹೋದರು.

"ಅವರು ಆ ಮಾತು ಹೇಳಲಿಲ್ಲ," ಎಂದರು. "ನದಿ ತರಕ್ಕಾಗಲ್ಲ ಅಂತ ಅವರು ಹೇಳಿದ್ರು. ತರ್ತೀನಿ ಅಂದಿದ್ದು ನಾನು. ತಪ್ಪು ನಂದು. ಅವರು ಯಾರಿಗೂ ಮಾತು ತಪ್ಪಲಿಲ್ಲ."

ಸಭೆಗೆ ಅರ್ಥವಾಗಲಿಲ್ಲ. ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ನನ್ನ ಕಡೆ ತಿರುಗಿ ಕೈಯಲ್ಲಿ ಏನೋ ಸನ್ನೆ ಮಾಡಿದರು. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಹುಡುಗರು ಎದ್ದು ನಿಂತಿದ್ದರು, ಅವರ ಮುಖದಲ್ಲಿ ಸಿಟ್ಟಿತ್ತೋ ಕುತೂಹಲವಿತ್ತೋ ಗೊತ್ತಿಲ್ಲ. ನನಗೆ ಕಂಡದ್ದು ಮೈಕು ಹಿಡಿದಿದ್ದ ಆ ತೆಳುವಾದ ಮಣಿಕಟ್ಟು ಮಾತ್ರ. ಈ ವಯಸ್ಸಿನಲ್ಲಿ ಇವರನ್ನು ಜನ ಉಗಿಯುತ್ತಾರೆ ಅನ್ನಿಸಿತು. ನಾನು ಎದ್ದುಹೋಗಿ ಮೈಕು ತೆಗೆದುಕೊಂಡೆ. ಗುರುಗಳು ಅಗಲಿಕೆಯ ದುಃಖದಿಂದ ಗದ್ಗದಿತರಾಗಿದ್ದಾರೆ ಎಂದೆ. ಮಹಾನಾಯಕರ ಕನಸು ಈಡೇರಲಿಲ್ಲವಲ್ಲ ಎಂಬ ಕೊರಗಿನಲ್ಲಿ ಅದರ ಹೊಣೆಯನ್ನೂ ತಾವೇ ಹೊರಲು ಮುಂದಾಗಿರುವುದು ಅವರ ದೊಡ್ಡ ಮನಸ್ಸು ಎಂದೆ. ನನ್ನ ಕನ್ನಡ ಚೆನ್ನಾಗಿತ್ತು. ಜೋರಾಗಿ ಚಪ್ಪಾಳೆ ಬಿತ್ತು. ನಂತರ ಮೌನಾಚರಣೆ ಎಂದು ನಾನೇ ಘೋಷಿಸಿದೆ. ಎಲ್ಲರೂ ತಲೆ ತಗ್ಗಿಸಿ ನಿಂತರು. ಮೇಷ್ಟ್ರೊಬ್ಬರು ತಲೆ ತಗ್ಗಿಸದೆ ನನ್ನನ್ನೇ ನೋಡುತ್ತಿದ್ದರು.

ಮಾರನೆಯ ದಿನದ ಸ್ಥಳೀಯ ಪತ್ರಿಕೆಯಲ್ಲಿ ಅವರ ಚಿತ್ರ ಬಂದಿತ್ತು. ನಾಯಕರ ಕನಸು ನೆನೆದು ಕಣ್ಣೀರಿಟ್ಟ ನಿವೃತ್ತ ಉಪನ್ಯಾಸಕ ಎಂದು ತಲೆಬರಹ. ಅವರು ಕಣ್ಣೀರಿಟ್ಟಿರಲಿಲ್ಲ. ಬೆಳಗ್ಗೆಯೇ ಅವರ ಫೋನು ಬಂತು. ಬೈಯುತ್ತಾರೆ ಎಂದುಕೊಂಡೆ. ತಾಯಲೂರಿನ ಆಚೆಗೆ ಹೋಗಬೇಕಮ್ಮಾ, ಒಬ್ಬನೇ ಹೋದರೆ ಮತ್ತೆ ಮುಳಬಾಗಿಲಿನಲ್ಲೇ ಕೂತುಬಿಡುತ್ತೇನೆ, ಜೊತೆಗೆ ಬರುತ್ತೀಯಾ ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರು, ಈ ಕಡೆ ನಾನು. ನರಸಾಪುರ ಕಡೆಯ ಕಂಪನಿಗಳಲ್ಲಿ ರಾತ್ರಿ ಪಾಳಿ ಮುಗಿಸಿದ ಹುಡುಗಿಯರು ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಮಾಡುತ್ತಿದ್ದರು. ಬಹಳ ದೂರ ಹೋದ ಮೇಲೆ ನಾನೇ ಬಾಯಿಬಿಟ್ಟು, ನಿನ್ನೆ ನಾನು ಹಾಗೆ ಮಾಡಬಾರದಿತ್ತು ಸಾರ್ ಎಂದೆ.

"ನನ್ನ ಉಳಿಸಕ್ಕೆ ಹೇಳ್ದೆ. ಗೊತ್ತು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಾನೂ ಆವತ್ತು ಆ ಹೆಂಗಸರನ್ನ ಉಳಿಸ್ತಿದ್ದೀನಿ ಅಂತಾನೇ ಅಂದ್ಕೊಂಡಿದ್ದೆ," ಎಂದರು. ಅವರ ದನಿಯಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಅದಕ್ಕೇ ಇವತ್ತಿಗೂ ಚುಚ್ಚುತ್ತದೆ.

ಮುಳಬಾಗಿಲಿನಲ್ಲಿ ಇಳಿದು ಆಟೋ ಹಿಡಿದೆವು. ತಾಯಲೂರು ದಾಟಿ ಸ್ವಲ್ಪ ದೂರ ಹೋದಾಗ ಕೆರೆಯ ಏರಿ ಕಂಡಿತು. ನಡುವೆ ಹಲ್ಲು ಬಿದ್ದ ಹಾಗೆ ಗಂಡಿ. ಅದರಲ್ಲಿ ಜಾಲಿ ಬೆಳೆದಿತ್ತು. ಮೇಷ್ಟ್ರು ಆಟೋ ನಿಲ್ಲಿಸಿ ಇಳಿದು ಅದರ ಅಂಚಿಗೆ ಹೋಗಿ ನೋಡಿದರು.

ಊರ ಮುಂದಿನ ಅರಳಿಕಟ್ಟೆಯ ಮೇಲೆ ಕೆಲವರು ಕೂತಿದ್ದರು. ಎಂಜಿನಿಯರುಗಳನ್ನು ವಾಪಸು ಕಳಿಸಿದ್ದ ಯಜಮಾನರು ಸತ್ತು ಬಹಳ ದಿನವಾಗಿತ್ತು. ಅವರ ಹೆಂಡತಿ ನಾರಾಯಣಮ್ಮ ಇದ್ದರು. ಕೋಲಾರದಿಂದ ಯಾರೋ ಬಂದಿದ್ದಾರೆಂದು ಕೇಳಿ ಸೊಸೆಯ ಕೈ ಹಿಡಿದು ಬಂದು ಕಟ್ಟೆಯ ಕೆಳಗೆ ಕಲ್ಲಿನ ಮೇಲೆ ಕೂತರು. ಕೊಡ ತೆಗೆದುಕೊಂಡು ಆ ಸಭೆಗೆ ಹೋಗಿದ್ದವರಲ್ಲಿ ಅವರೂ ಒಬ್ಬರು. ಮೇಷ್ಟ್ರ ಮುಖ ಅವರಿಗೆ ಗುರುತು ಸಿಗಲಿಲ್ಲ. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು.

ಮೇಷ್ಟ್ರು ನಿಂತುಕೊಂಡೇ ಎಲ್ಲ ಹೇಳಿದರು. ಅರ್ಧ ಕನ್ನಡ, ಅರ್ಧ ತೆಲುಗು. ಯಾವುದನ್ನೂ ಹದ ಮಾಡಲಿಲ್ಲ. ತಾವು ಮುಳಬಾಗಿಲಿನವರೆಗೆ ಬಂದು ವಾಪಸು ಹೋದದ್ದನ್ನೂ ಬಿಡಲಿಲ್ಲ. ಕಟ್ಟೆಯ ಮೇಲಿದ್ದ ಒಬ್ಬ ನಡುವಯಸ್ಸಿನವನು ಎದ್ದ. ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ಎಂದು ಏಕವಚನದಲ್ಲೇ ಕೇಳಿದ. ತನ್ನ ಜಮೀನು ಆ ಗಂಡಿಯ ಕೆಳಗೇ ಇತ್ತೆಂದೂ, ಒಡೆದ ದಿನ ಮಣ್ಣು ಸಮೇತ ಹೋಯಿತೆಂದೂ ಹೇಳಿದ. ಮೇಷ್ಟ್ರು ಹೌದಪ್ಪ ಎಂದರು. ಅವನು ಇನ್ನೂ ಏನೇನೋ ಅಂದ. ಅವರು ಪ್ರತಿಯೊಂದಕ್ಕೂ ಹೌದಪ್ಪ ಎಂದರು. ಬೈಯುವುದಕ್ಕೂ ಎದುರಿಗೆ ಸ್ವಲ್ಪ ಅಡ್ಡಿ ಬೇಕು. ಅವನು ಸುಸ್ತಾಗಿ ಕೂತ.

ನಾರಾಯಣಮ್ಮ ಕಲ್ಲಿನ ಮೇಲಿಂದಲೇ ಮೇಷ್ಟ್ರ ಕಡೆ ತಿರುಗಿದರು. "ಹಂಗಾದ್ರೆ ಆ ಯಪ್ಪ ಏನು ಹೇಳಿದ್ದು? ಅದನ್ನ ಚೆಪ್ಪು ಸಾಮಿ. ಸರಿಯಾಗಿ ಚೆಪ್ಪು," ಎಂದರು.

ಮೇಷ್ಟ್ರು ಕಣ್ಣು ಮುಚ್ಚಿದರು. ಒಂದೊಂದು ವಾಕ್ಯ ಹೇಳಿ ನಿಲ್ಲಿಸಿ, ಇನ್ನೊಂದು ಹೇಳಿದರು. ಅಷ್ಟು ವರ್ಷ ಅವರು ಅದನ್ನು ಒಳಗೇ ಹೇಳಿಕೊಳ್ಳುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು.

"ನದಿ ತರ್ತೀನಿ ಅಂತ ನಾನು ಮಾತು ಕೊಡಲಾರೆ. ತಿಳಿದವರನ್ನ ಕೇಳಿದೆ. ನನ್ನ ಕಾಲದಲ್ಲಿ ಅದು ಆಗಲ್ಲ ಅಂದ್ರು. ಆಗುತ್ತೆ ಅಂದ್ರೆ ನೀವು ಇವತ್ತು ಖುಷಿಯಾಗಿ ಮನೆಗೆ ಹೋಗ್ತೀರಿ, ಆದರೆ ನಾನು ಸುಳ್ಳುಗಾರ ಆಗ್ತೀನಿ. ನಿಮ್ಮ ಹಿರಿಯರು ಕಟ್ಟಿದ ಕೆರೆಗಳಿವೆ. ಅವುಗಳನ್ನ ಸರಿ ಮಾಡಿಸಿಕೊಡೋದು ನನ್ನ ಕೈಲಾಗುತ್ತೆ. ಬಿದ್ದ ಮಳೆಯಾದ್ರೂ ನಿಲ್ಲಲಿ. ಇಷ್ಟು ದೂರ ಖಾಲಿ ಕೊಡ ಹೊತ್ತು ಬಂದ ತಾಯಂದಿರಿಗೆ ಇದು ಬಹಳ ಚಿಕ್ಕ ಮಾತು. ಕ್ಷಮಿಸಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾರಾಯಣಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಇದನ್ನೇ ಆವತ್ತು ಹೇಳಿದ್ರೂ ಕೇಳ್ತಿದ್ವಲ್ಲ ಸಾಮಿ," ಎಂದರು. "ನಾವೇನು ಮಕ್ಕಳಾ?"

ಇಂದು ಮೇಷ್ಟ್ರ ಬಗ್ಗೆ ಬರೆಯಲು ಕೂತಾಗ ನನಗೆ ಕಾಣುವುದು ಇಷ್ಟು: ಯಾರಿಗೆ ಏನನ್ನು ತಡೆದುಕೊಳ್ಳುವ ಶಕ್ತಿ ಇದೆ ಎಂದು ನಾವಿಬ್ಬರೂ ಅವರನ್ನು ಕೇಳದೆಯೇ ತೀರ್ಮಾನಿಸಿದ್ದೆವು.

ನಾರಾಯಣಮ್ಮ ಕಟ್ಟೆ ಹಿಡಿದು ಎದ್ದರು. ಆ ಯಪ್ಪ ಸತ್ತ ದಿನ ಈ ಊರಿನಲ್ಲಿ ಯಾರೂ ಒಂದು ದೀಪ ಹಚ್ಚಲಿಲ್ಲ, ಟೀವಿಯಲ್ಲಿ ತೋರಿಸಿದರೆ ಹುಡುಗರು ಆರಿಸಿದರು, ನನ್ನ ಗಂಡ ಸಾಯುವವರೆಗೂ ಆ ಯಪ್ಪನನ್ನು ಬೈದೇ ಸತ್ತ ಎಂದು ಯಾರಿಗೆಂದಿಲ್ಲದೆ ಹೇಳಿದರು. ಹತ್ತಿರದವರು ಸತ್ತ ಸುದ್ದಿ ತಡವಾಗಿ ಬಂದರೆ, ಸುದ್ದಿ ಬಂದ ಗಳಿಗೆಯಲ್ಲೇ ತಲೆಗೆ ನೀರು ಹುಯ್ದುಕೊಳ್ಳುವುದು ನಮ್ಮಲ್ಲಿ ಪದ್ಧತಿ. ಆಕೆ ಮನೆಯ ಮುಂದಿನ ತೊಟ್ಟಿಯ ಹತ್ತಿರ ಹೋದರು. ಸೊಸೆ ಬೇಡವೆಂದು ತಡೆದರೆ, ನಮ್ಮ ಪಾಲಿಗೆ ಅವನು ಇವತ್ತು ಸತ್ತಿದ್ದು ಎಂದರು. ಉಟ್ಟ ಸೀರೆಯಲ್ಲೇ ನಿಂತು ತಲೆಯ ಮೇಲೆ ಒಂದು ಚೊಂಬು ನೀರು ಹುಯ್ದುಕೊಂಡರು. ಬಿಳಿಗೂದಲು ಹಣೆಗೆ ಅಂಟಿಕೊಂಡಿತು.

ಬೈದಿದ್ದ ಆ ನಡುವಯಸ್ಸಿನವನು ಎದ್ದು ಬಂದು ತಾನೂ ಹುಯ್ದುಕೊಂಡ. ಮತ್ತಿಬ್ಬರು ಬಂದರು. ಬಾರದವರೂ ಇದ್ದರು, ಒಬ್ಬಾತ ಉಗುಳಿ ಹೊಲದ ಕಡೆ ಹೊರಟುಹೋದ. ಮೇಷ್ಟ್ರು ಮಣಿಕಟ್ಟಿನ ಗುಂಡಿ ಬಿಚ್ಚಿ, ತೋಳು ಮಡಚಿ ತೊಟ್ಟಿಯ ಹತ್ತಿರ ಬಗ್ಗಿದರು. ಅವರಿಗೆ ಚೊಂಬು ಎತ್ತಲು ಕೈ ಬರಲಿಲ್ಲ. ನಾರಾಯಣಮ್ಮನೇ ಹುಯ್ದರು.

ನಾನು ಬ್ಯಾಗು ಹಿಡಿದು ದೂರ ನಿಂತಿದ್ದೆ. ಆಕೆ ನನ್ನನ್ನು ಆಗ ನೋಡಿದರು.

"ನೀನೂ ಆವತ್ತು ಅಲ್ಲಿದ್ಯೇನಮ್ಮಾ?"

ಇದ್ದೆ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಹೆಂಗಸರ ಕಡೆಯೇ ಕೂತಿದ್ದೆ, ನನಗೆ ಹಿಂದಿ ಬರುತ್ತಿತ್ತು ಎಂದೆ.

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಚೊಂಬನ್ನು ತೊಟ್ಟಿಯಲ್ಲಿ ಅದ್ದಿ ತುಂಬಿಸಿ ನನ್ನ ಕಡೆ ಚಾಚಿದರು.

"ಹಂಗಾದ್ರೆ ನೀನೂ ಹುಯ್ಕೋ."

ನಾನು ಕನ್ನಡಕ ತೆಗೆದು ಮೇಷ್ಟ್ರ ಒದ್ದೆ ಕೈಗೆ ಕೊಟ್ಟು ಬಗ್ಗಿದೆ.